ಎಲ್ಲಿ?

ದಿನಕ್ಕೆ ನಾನೂರು ಸಲ ಕೇಳುತ್ತೇನೆ: ಎಲ್ಲಿಗೆ?
'ಇಲ್ಲೇ ಮುಂದೆ' ಅಂದವರನ್ನು ಬಿಡುವವಳಲ್ಲ.
ಇಲ್ಲೇ ಅಂದರೆ? ಸ್ಟಾಪಿನ ಹೆಸರು ಹೇಳಿ,
ಲಾಲ್‌ಬಾಗೋ, ಸೌತ್ ಎಂಡೋ, ಬನಶಂಕರಿಯೋ.
ಹೆಂಗಸರ ಸೊನ್ನೆ ರೂಪಾಯಿ ಟಿಕೆಟಿಗೂ ಹೆಸರು ಬೇಕು,
ಹೆಸರಿಲ್ಲದ ಜಾಗಕ್ಕೆ ನನ್ನ ಮಷೀನು ಚೀಟಿ ಹರಿಯುವುದಿಲ್ಲ.

ಅಂಥ ನಾನು, ಗದಗ ಸೀಮೆಯ ಫಕೀರವ್ವ,
ವಿಲ್ಸನ್ ಗಾರ್ಡನ್ನಿನ ಆಸ್ಪತ್ರೆಯ ಸ್ಟೂಲಿನ ಮೇಲೆ
ಖಾಕಿ ಅಂಗಿಯ ಗುಂಡಿ ತಿರುವುತ್ತ ಕೂತು
'ಅಲ್ಲಿ' ಅಂದೆ.
'ಅಲ್ಲಿ ಒಂಥರಾ ಆಗೇದ್ರಿ.'
ಡಾಕ್ಟರ್ ತಸ್ನೀಮ್ ಪೆನ್ನು ಎತ್ತಲಿಲ್ಲ.
'ಅಲ್ಲಿ ಅಂದರೆ ಎಲ್ಲಿ, ಫಕೀರವ್ವ?'

ನಾಲಿಗೆಯ ಅಡಿಯಲ್ಲಿ ಮುದುಡಿ ಕೂತಿದ್ದ ಪದ
ಮೂವತ್ತೆಂಟು ವರ್ಷಕ್ಕೆ ಮೊದಲ ಸಲ ಹಲ್ಲು ದಾಟಿತು:
ಯೋನಿ.
ಸೂರು ಬೀಳಲಿಲ್ಲ. ಹೊರಗೆ ಯಾರೋ
ಟೋಕನ್ ಹದಿನೇಳು ಅಂತ ಕೂಗಿದರು, ಅಷ್ಟೇ.

ಆಮೇಲೆ ಒಂದೊಂದೇ ಇಳಿದವು.
ಬೂದುಬಣ್ಣದ ಸ್ರಾವ, ಮೀನಿನಂಥ ವಾಸನೆ,
ರಷ್ಷಿನಲ್ಲಿ ಯಾರ ಮಗ್ಗುಲಿಗೆ ನಿಲ್ಲಲೂ ಅಂಜಿಕೆ,
ಸೋಪು, ಡೆಟಾಲು ಅಂತ ಒಳಗೆಲ್ಲ ತಿಕ್ಕಿ ತೊಳೆದದ್ದು,
ಹೋದ ವರ್ಷ ಔಷಧದಂಗಡಿಯ ಹುಡುಗನೇ ಕೊಟ್ಟ ಮಾತ್ರೆ
ಎರಡು ದಿನ ನುಂಗಿ ಮರೆತದ್ದು.
ಅವರು ಬೈಯಲಿಲ್ಲ. ಗಾಜಿನ ಪಟ್ಟಿಗೆ ಸ್ರಾವ ಸವರಿ
ಲ್ಯಾಬಿಗೆ ಕಳಿಸಿದರು. 'ಬೂಷ್ಟಿನದು ಬೇರೆ,
ಬ್ಯಾಕ್ಟೀರಿಯಾದ್ದು ಬೇರೆ. ನೋಡದೆ ಕೊಟ್ಟರೆ
ಒಂದು ಬೀಗಕ್ಕೆ ಇನ್ನೊಂದರ ಕೀಲಿ.'

ಚೀಟಿಯ ಬೆನ್ನಿಗೆ ದುಂಡಗೆ ಕನ್ನಡದಲ್ಲಿ ಬರೆದರು:
ಏಳು ರಾತ್ರಿ. ಮಲಗುವ ಹೊತ್ತಿಗೆ. ಕೈ ತೊಳೆದು.
ಕೊಳವೆ ತುಂಬ ಒಂದೇ ಅಳತೆ,
ಬೇಗ ಹೋಗಲೆಂದು ಎರಡಲ್ಲ.
ಒಳಗೆ ತೊಳೆಯಬೇಡ, ಅದು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ.
ಮುಗಿಯುವ ತನಕ ಗಂಡನಿಂದ ದೂರ;
ಈ ಕ್ರೀಮಿನ ಎಣ್ಣೆಗೆ ನಿರೋಧ್ ಹರಿಯುತ್ತದೆ,
ಮುಗಿದ ಮೇಲೂ ಮೂರು ದಿನ ಅದನ್ನು ನಂಬಬೇಡ.
ನೀರಿನಂತೆ ಭೇದಿಯಾದರೆ, ರಕ್ತ ಕಂಡರೆ,
ಮೈ ದದ್ದೆದ್ದರೆ, ನಿಲ್ಲಿಸಿ ಬಾ.
ಕೊನೆಗೆ ತಲೆಯೆತ್ತಿ ಕೇಳಿದರು: ಮುಟ್ಟು ನಿಂತಿಲ್ಲ ತಾನೆ? ಬಸುರಿ ಅಲ್ಲವಲ್ಲ?

ಅಂಗಡಿಯವನು ಟ್ಯೂಬನ್ನು ಪೇಪರಿನಲ್ಲಿ ಸುತ್ತಿದ,
ಪೇಪರಿನ ಮೇಲೆ ಕಪ್ಪು ಕವರು.
ಕಳ್ಳಮಾಲು ಏನಪ್ಪ ಅಂದೆ. ಅವನು ನಗಲಿಲ್ಲ.

ರಾತ್ರಿ ಪಾಳಿಯ ವಾಚ್‌ಮನ್ ನನ್ನ ಗಂಡ
ಏಳು ದಿನವೋ ಅಂದ. ಹತ್ತು ಅಂದೆ.
ಬುತ್ತಿ ಎತ್ತಿಕೊಂಡು ಹೊರಟ.

ಮೂರನೇ ರಾತ್ರಿಗೇ ವಾಸನೆ ಹೋಯಿತು.
ಟ್ಯೂಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಇತ್ತು.
ಉಳಿಸುವ ಕೈ ನನಗೆ ಅವ್ವನಿಂದ ಬಂದದ್ದು:
ಅವಳ ಬಿಸ್ಕತ್ತಿನ ಡಬ್ಬಿಯಲ್ಲಿ ಸದಾ
ಯಾರದೋ ಜ್ವರದ ಅರ್ಧ ಹಾಳೆ ಮಾತ್ರೆ,
ಯಾರಿಗೋ ಬಂದ ಇನ್ನಾವುದೋ ಜ್ವರಕ್ಕೆ.
ಮುಚ್ಚಳ ಬಿಗಿದು ದಿಂಬಿನ ಕೆಳಗಿಟ್ಟೆ.
ಗಲ್ಲಿಯ ನಾಯಿ ಬೊಗಳಿ ಸುಸ್ತಾದ ಮೇಲೂ ನಿದ್ದೆಯಿಲ್ಲ.
ಬನಶಂಕರಿಗೆ ಟಿಕೆಟು ಪಡೆದವಳು
ತಂಗಾಳಿ ಬಂತೆಂದು ಲಾಲ್‌ಬಾಗಿನಲ್ಲೇ ಇಳಿದರೆ
ನಾನೇ ನಗುತ್ತೇನಲ್ಲ!
ಎದ್ದು ದೀಪ ಹಾಕಿದೆ. ಕೈ ತೊಳೆದೆ.

ಎಂಟನೇ ಬೆಳಗ್ಗೆ, ಶಾಂತಿನಗರ ಡಿಪೋ,
ಹೆಂಗಸರ ಕೋಣೆಯ ಒಂದೇ ನಲ್ಲಿಯ ಹತ್ತಿರ
ಪುಟ್ಟಲಿಂಗಮ್ಮ ಕಿವಿಗೆ ಬಾಯಿಟ್ಟಳು:
'ನಂಗೂ ಅಲ್ಲಿ ಹಂಗೇ ಕಣಕ್ಕ, ಬರೀ ಕೆರೆತ.
ನಿಂದು ಒಂಚೂರು ಉಳಿದಿದ್ರೆ...'

ಇಲ್ಲ ಅಂದೆ. ಉಳಿದಿದ್ದರೂ ಕೊಡುತ್ತಿರಲಿಲ್ಲ.
ಅವಳ ಮುಖ ಸಣ್ಣದಾಯಿತು.
ಚೀಲ ಕೆಳಗಿಟ್ಟೆ. ಮೊದಲ ಟ್ರಿಪ್ಪಿಗೆ ಹತ್ತು ನಿಮಿಷವಿತ್ತು.
ಚಿಲ್ಲರೆ ಎಣಿಸುವ ದನಿಯಲ್ಲೇ, ಗಟ್ಟಿಯಾಗಿ,
ಕೇಳಿದೆ:
ಎಲ್ಲಿ?